ಇದೆ ಎಂದು ಒಮ್ಮೆ, ಇಲ್ಲ ಎಂದು ಒಮ್ಮೆ

ಅಮೆರಿಕಕ್ಕೆ ಬಂದಿಳಿಯುವ ಪರದೇಶಿಯ ತಲೆಗೆ ಇಲ್ಲಿನ ಕೇಂದ್ರ ಸರ್ಕಾರ ಮೊದಲು ಹಾಕಿದ ಕಂದಾಯ ಐವತ್ತು ಸೆಂಟು. ಅದು 1882ರ ವಲಸೆ ಕಾಯ್ದೆ. ಹಣ ಕಟ್ಟಬೇಕಾದವನು ಹಡಗಿನ ಮಾಲೀಕ. ಅವನೇನು ಕೈಯಿಂದ ಹಾಕುತ್ತಾನೆಯೇ, ಟಿಕೆಟ್ಟಿಗೆ ಸೇರಿಸಿ ವಸೂಲಿ ಮಾಡಿಕೊಳ್ಳುತ್ತಿದ್ದ. ಅದಕ್ಕೂ ಮುಂಚೆ ನ್ಯೂಯಾರ್ಕಿನಂಥ ರಾಜ್ಯಗಳು ತಾವೇ ಈ ವಸೂಲಿ ನಡೆಸುತ್ತಿದ್ದವು. ಸುಪ್ರೀಂ ಕೋರ್ಟು 1849ರಲ್ಲೂ 1876ರಲ್ಲೂ ಬೇಡವೆಂದಿತು. ಅದೇ 1882ರ ಕಾಯ್ದೆಯಲ್ಲಿ ಇನ್ನೊಂದು ಮಾತೂ ಇದೆ: ತನ್ನ ಹೊಟ್ಟೆ ತಾನು ಹೊರೆದುಕೊಳ್ಳಲಾಗದೆ ಸರ್ಕಾರದ ಮೇಲೆ ಹೊರೆಯಾಗುವವರನ್ನು ಇಳಿಸಿಕೊಳ್ಳಬಾರದು. ಕಂದಾಯವೂ ಹೊರೆಯ ಮಾತೂ ಒಂದೇ ಕಾಗದದಲ್ಲಿ ಹುಟ್ಟಿದವು, ಇವತ್ತಿಗೂ ಜೊತೆಬಿಟ್ಟಿಲ್ಲ.

ನಾನು ಹಾಸನದ ಕಡೆಯವಳು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಸೇರಿ ಬಹಳ ಕಾಲವಾಯಿತು. ಶನಿವಾರ ಬೆಳಿಗ್ಗೆ ಒಂದು ಉಚಿತ ಕಾನೂನು ಶಿಬಿರದಲ್ಲಿ ವಕೀಲರ ಪಕ್ಕ ಕೂತು ಅರ್ಜಿ ತುಂಬಿಸುವುದು ನನ್ನ ಕೆಲಸ. ಕನ್ನಡ, ತೆಲುಗು, ಹಿಂದಿ ಬರುತ್ತದೆಂದು ಕೂರಿಸಿದ್ದಾರೆ. ಮದುವೆಯಾಗಿ ಬಂದ ಹೆಣ್ಣುಮಕ್ಕಳೇ ಹೆಚ್ಚು. ಅವರಿಂದ ಈ ದೇಶ ಎರಡು ಸಾಕ್ಷಿ ಕೇಳುತ್ತದೆ. ಮೊದಲ ಬಾಗಿಲಲ್ಲಿ ಮನೆಯಲ್ಲಿ ಸಾಕಷ್ಟಿದೆ ಎಂದು ತೋರಿಸಬೇಕು. ಮುಂದಿನ ಬಾಗಿಲಲ್ಲಿ ಶುಲ್ಕ ಮನ್ನಾ ಬೇಕಾದರೆ ಕೈಯಲ್ಲಿ ಏನೂ ಇಲ್ಲ ಎಂದು ತೋರಿಸಬೇಕು. ಇದನ್ನು ಯಾರೋ ಗುಮಾಸ್ತನ ಅಧಿಕಪ್ರಸಂಗ ಎಂದುಕೊಳ್ಳುವವರೇ ಜಾಸ್ತಿ. ಅಲ್ಲ, ಇದರ ಬೇರು ನೂರು ವರ್ಷಕ್ಕೂ ಹಿಂದಿನದು.

ನಮ್ಮ ಮನೆಯಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾದಷ್ಟು ದೂರದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ, ಏಂಜಲ್ ಐಲ್ಯಾಂಡ್ ಇದೆ. 1910ರಿಂದ 1940ರವರೆಗೆ ಅಲ್ಲಿ ವಲಸೆ ಠಾಣೆ ಇತ್ತು. ಆ ಹೊತ್ತಿಗೆ ತಲೆಗಂದಾಯ ನಾಲ್ಕು ಡಾಲರಿಗೆ ಏರಿತ್ತು; 1917ರಲ್ಲಿ ಎಂಟಾಯಿತು. ಅದಕ್ಕೂ ಮುಂಚೆ, ಹಿಂದೂಸ್ಥಾನದಿಂದ ಬಂದವರನ್ನು ತಡೆಯಲು ಅಧಿಕಾರಿಗಳಿಗೆ ನೇರವಾದ ಕಾನೂನು ಇರಲಿಲ್ಲ. ಹಾಗಾಗಿ ಹೊರೆಯ ಮಾತನ್ನೇ ಹಿಡಿದರು. ತರ್ಕ ಕೇಳಿ: ಕ್ಯಾಲಿಫೋರ್ನಿಯಾದ ಜನಕ್ಕೆ ನಿಮ್ಮವರನ್ನು ಕಂಡರಾಗದು, ಆದ್ದರಿಂದ ನಿಮಗೆ ಕೆಲಸ ಸಿಗದು, ಆದ್ದರಿಂದ ನೀವು ಹೊರೆಯಾಗುತ್ತೀರಿ, ಆದ್ದರಿಂದ ವಾಪಸ್ಸು ಹೋಗಿ. ಗಟ್ಟಿಮುಟ್ಟಾದ ರೈತರನ್ನು ಹೀಗೆ ಹಡಗು ಹತ್ತಿಸಿದರು. 1915ರ ಅಕ್ಟೋಬರಿನಲ್ಲಿ ರಷ್ಯಾದ ಕೂಲಿಗಳ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹೋಮ್ಸ್, ಹೋಗುವ ಊರಲ್ಲಿ ಕೆಲಸ ಕಡಿಮೆ ಎಂಬ ಕಾರಣಕ್ಕೆ ಒಬ್ಬನನ್ನು ಹೊರೆ ಎನ್ನುವಂತಿಲ್ಲ ಎಂದು ಬರೆದರು. ಎರಡೇ ವರ್ಷದಲ್ಲಿ ಏಷ್ಯಾದ ಬಹುಭಾಗಕ್ಕೇ ಬಾಗಿಲು ಹಾಕುವ ಕಾಯ್ದೆ ಬಂತು, ಆಮೇಲೆ ಆ ತರ್ಕದ ಅಗತ್ಯವೇ ಉಳಿಯಲಿಲ್ಲ.

ಅದೇ 1915ರ ಸೆಪ್ಟೆಂಬರಿನಲ್ಲಿ ಪೆಶಾವರದ ವೈಷ್ಣೋ ದಾಸ್ ಬಗಾಯ್ ಹೆಂಡತಿ ಕಲಾ, ಮೂವರು ಗಂಡುಮಕ್ಕಳ ಸಮೇತ ಇಲ್ಲಿಗೆ ಬಂದರು. ಇಪ್ಪತ್ತೈದು ಸಾವಿರ ಡಾಲರಿನಷ್ಟು ಚಿನ್ನ ಜೊತೆಗಿತ್ತು. ಇಷ್ಟಿದ್ದವರು ಹೊರೆ ಎಂದು ಯಾರು ಹೇಳುತ್ತಾರೆ? ಬಿಟ್ಟರು. ಕಲಾ ಅವರ ಮೂಗುಬೊಟ್ಟು ಪತ್ರಿಕೆಯಲ್ಲಿ ಸುದ್ದಿಯೂ ಆಯಿತು. ಹಿಂದೂಸ್ಥಾನದವರು ಇಲ್ಲಿನ ಪೌರರಾಗುವಂತಿಲ್ಲ ಎಂದ 1923ರ ಥಿಂದ್ ತೀರ್ಪಿನ ನಂತರ ವೈಷ್ಣೋ ದಾಸರ ಪೌರತ್ವವನ್ನು ಕಿತ್ತುಕೊಂಡರು, 1928ರಲ್ಲಿ ಅವರು ಜೀವ ಕಳೆದುಕೊಂಡರು. ಕಲಾ ಇಲ್ಲೇ ಉಳಿದು ಮಕ್ಕಳನ್ನು ಓದಿಸಿದರು. ಈಗ ಬರ್ಕ್ಲಿಯಲ್ಲಿ ಅವರ ಹೆಸರಿನ ರಸ್ತೆಯಿದೆ.

ತಲೆಗಂದಾಯ 1952ರಲ್ಲಿ ಹೋಯಿತು. ಅದರ ಜಾಗಕ್ಕೆ ಅರ್ಜಿ ಶುಲ್ಕ ಬಂತು. ಕಂದಾಯಕ್ಕೂ ಶುಲ್ಕಕ್ಕೂ ವ್ಯತ್ಯಾಸ ತಿಳಿಯಬೇಕಾದರೆ 1988 ನೋಡಬೇಕು. ಆ ವರ್ಷ ಸಂಸತ್ತು ವಲಸೆ ಅರ್ಜಿಗಳಿಗೆಂದೇ ಬೇರೆ ಖಾತೆ ತೆರೆಯಿತು: ಕಚೇರಿಯ ಖರ್ಚು ಅರ್ಜಿದಾರರ ಹಣದಿಂದಲೇ ಹುಟ್ಟಬೇಕು. 1990ರಲ್ಲಿ ಇನ್ನೊಂದು ಗಂಟು ಬಿತ್ತು. ನಿರಾಶ್ರಿತರಂಥ ಕೆಲವರಿಗೆ ಪುಕ್ಕಟೆ ಮಾಡಿಕೊಟ್ಟ ಕೆಲಸದ ವೆಚ್ಚವನ್ನೂ ಉಳಿದವರ ಶುಲ್ಕದಲ್ಲಿ ಸೇರಿಸಬಹುದು. ಅಂದರೆ ಒಬ್ಬಳಿಗೆ ಮನ್ನಾ ಮಾಡಿದ ದುಡ್ಡು ಖಜಾನೆಯಿಂದ ಬರುವುದಿಲ್ಲ, ಅವಳ ಪಕ್ಕದ ಕುರ್ಚಿಯಲ್ಲಿ ಕೂತವಳ ಚೀಲದಿಂದ ಬರುತ್ತದೆ. ಮನ್ನಾ ಬೇಡ ಎನ್ನುವವರು ಪ್ರತಿ ಸಲ ಎತ್ತುವ ವಾದ ಇದೇ. ಸುಳ್ಳು ವಾದವಲ್ಲ. ಆದರೆ ಆ ಖಾತೆಯನ್ನು ಹಾಗೆ ಕಟ್ಟಿದವರು ಇಬ್ಬರಲ್ಲಿ ಯಾರೂ ಅಲ್ಲವಲ್ಲ!

2007ರಲ್ಲಿ ಗ್ರೀನ್ ಕಾರ್ಡಿನ ಐ-485 ಅರ್ಜಿ 325 ಡಾಲರಿನಿಂದ ಒಂದೇ ನೆಗೆತಕ್ಕೆ 930ಕ್ಕೆ ಹೋಯಿತು, ಬೆರಳಚ್ಚಿನ ಖರ್ಚು ಬೇರೆ. ಆಗ ಮನ್ನಾ ಕೇಳಲು ನಮೂನೆಯೇ ಇರಲಿಲ್ಲ. ಬಿಳಿ ಹಾಳೆಯ ಮೇಲೆ ತನ್ನ ಕಷ್ಟ ತಾನೇ ಬರೆದು, ಇದೆಲ್ಲ ನಿಜ ಎಂದು ಸಹಿ ಹಾಕಿ ಕಳಿಸಬೇಕಿತ್ತು. ಅಂಥ ಕಾಗದ ನಾನೂ ಬರೆದುಕೊಟ್ಟಿದ್ದೇನೆ. ಬಾಡಿಗೆ, ಬಸ್ ಪಾಸು, ಮಗುವಿನ ಕೆಮ್ಮಿನ ಔಷಧಿ, ಎಲ್ಲದರ ಲೆಕ್ಕ. 2010ರ ನವೆಂಬರಿನಲ್ಲಿ ಐ-912 ಎಂಬ ನಮೂನೆ ಬಂತು. ಮೂರು ಕಾರಣಗಳಲ್ಲಿ ಒಂದನ್ನು ತೋರಿಸಿದರೆ ಸಾಕು: ಬಡವರಿಗೆಂದೇ ಇರುವ ಸರ್ಕಾರಿ ಸವಲತ್ತು ಪಡೆಯುತ್ತಿರುವುದು, ಬಡತನ ರೇಖೆಯ ಒಂದೂವರೆ ಪಟ್ಟಿಗಿಂತ ಹೆಚ್ಚಿಲ್ಲದ ಆದಾಯ, ಅಥವಾ ಆಸ್ಪತ್ರೆ ಖರ್ಚಿನಂಥ ಸಂಕಟ. ಬಿಪಿಎಲ್ ಕಾರ್ಡು ಕೈಯಲ್ಲಿದ್ದರೆ ತಹಶೀಲ್ದಾರರ ಆದಾಯ ಪ್ರಮಾಣಪತ್ರಕ್ಕೆ ಅಲೆಯುವುದು ತಪ್ಪುತ್ತದಲ್ಲ, ಮೊದಲನೆಯ ಕಾರಣ ಹಾಗೆ.

ಆದರೆ ಮದುವೆಯ ಮೇಲೆ ಹಾಕಿದ ಐ-485ಕ್ಕೆ ಈ ಮನ್ನಾ ಸಿಗದು. ಏಕೆಂದರೆ ಅಲ್ಲಿ 1882ರ ಮಾತು ಜೀವಂತವಾಗಿದೆ. 1996ರ ಕಾಯ್ದೆಯ ಪ್ರಕಾರ ಕರೆಸಿಕೊಳ್ಳುವ ಗಂಡ ಬಡತನ ರೇಖೆಯ ಒಂದೂಕಾಲು ಪಟ್ಟು ಆದಾಯ ತೋರಿಸಿ ಮುಚ್ಚಳಿಕೆ ಬರೆದುಕೊಡಬೇಕು. 2024ರ ಲೆಕ್ಕದಲ್ಲಿ ಇಬ್ಬರ ಸಂಸಾರಕ್ಕೆ ಅದು ವರ್ಷಕ್ಕೆ 25,550 ಡಾಲರು. ಮನ್ನಾದ ಗೆರೆ 30,660. ನಡುವೆ ಸಿಕ್ಕಿದ ಮನೆ ಒಂದು ಅರ್ಜಿಗೆ ಉಳ್ಳವರ ಮನೆ, ಇನ್ನೊಂದಕ್ಕೆ ಬಡವರ ಮನೆ.

ಆ ಇನ್ನೊಂದು ಅರ್ಜಿ ಐ-751. ಸುಳ್ಳು ಮದುವೆಗಳನ್ನು ಹಿಡಿಯಬೇಕೆಂದು 1986ರಲ್ಲಿ ಮಾಡಿದ ಕಾಯ್ದೆಯಿಂದ ಬಂದದ್ದು. ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡು. ಷರತ್ತು ತೆಗೆಸಲು ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ ಮತ್ತೆ ಅರ್ಜಿ ಕೊಡಬೇಕು. ಗಂಡ ಹೊಡೆದರೂ ಅವನ ಸಹಿಗೇ ಕೈಯೊಡ್ಡಬೇಕಿತ್ತು. 1990ರಲ್ಲಿ ಅಂಥವರಿಗೆ ಒಂಟಿಯಾಗಿ ಅರ್ಜಿ ಹಾಕುವ ದಾರಿ ತೆರೆಯಿತು. ಐ-751ಕ್ಕೆ ಮನ್ನಾ ಕೇಳಬಹುದು.

ತುಮಕೂರು ಕಡೆಯ ಒಬ್ಬ ಹುಡುಗಿ ಹಾಗೆ ಒಂಟಿ ಅರ್ಜಿ ಹಿಡಿದು ಬಂದಿದ್ದಳು. ಶುಲ್ಕ ಆಗ ಬೆರಳಚ್ಚೂ ಸೇರಿ 680 ಡಾಲರು. ಇಂಡಿಯನ್ ಅಂಗಡಿಯಲ್ಲಿ ತರಕಾರಿ ಜೋಡಿಸುವ ಅರೆಕಾಲಿಕ ಕೆಲಸ. ಸಂಕಟದ ಭಾಗ ತುಂಬಿಸುತ್ತಾ ಆಸ್ತಿಯ ಪಟ್ಟಿಗೆ ಬಂದಾಗ ಪೆನ್ನು ನಿಲ್ಲಿಸಿದಳು. "ಆಂಟಿ, ಬಳೇನೂ ಬರೀಬೇಕಾ? ನಾಲ್ಕು ಇದಾವೆ, ಅತ್ತೆ ಲಾಕರ್‌ನಲ್ಲಿ." ಲಾಕರ್ ಯಾವ ಊರಲ್ಲಿ ಎಂದು ಕೇಳಿದೆ. "ತಿಪಟೂರು." ಇವಳ ಹೆಸರಿನ ಚಿನ್ನ, ಅವರ ಕೈಯ ಬೀಗ. ವಕೀಲೆ ಆ ಹಾಳೆಯನ್ನೇ ಪಕ್ಕಕ್ಕಿಟ್ಟರು. ಆದಾಯದ ಕಾರಣ ಹಿಡಿದರೆ ಆಸ್ತಿಯ ಪಟ್ಟಿ ಕೇಳುವುದಿಲ್ಲ. ಗಂಡ ಬಿಟ್ಟಮೇಲೆ ಎಣಿಸಬೇಕಾದ್ದು ಅವಳೊಬ್ಬಳ ಸಂಬಳ. ಸಂಬಳದ ಚೀಟಿಗಳು, ತೆರಿಗೆ ಇಲಾಖೆಯ ಕಾಗದ ಲಗತ್ತಿಸಿದೆವು. ಮನ್ನಾ ಆಯಿತು.

2019ರ ಕೊನೆಯಲ್ಲಿ ಸರ್ಕಾರ ಸವಲತ್ತಿನ ಆ ಮೊದಲನೆಯ ಕಾರಣವನ್ನು ಐ-912 ನಮೂನೆಯಿಂದ ತೆಗೆದುಹಾಕಲು ಹೊರಟಿತು, ಡಿಸೆಂಬರಿನಲ್ಲಿ ಕೋರ್ಟು ತಡೆಯಿತು. 2020ರಲ್ಲಿ ಕಾನೂನು ಕಡ್ಡಾಯ ಮಾಡಿದವರನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲರ ಮನ್ನಾವನ್ನೂ ಎತ್ತಿಹಾಕುವ ನಿಯಮ ಬಂತು, ಜಾರಿಗೆ ಮೂರು ದಿನ ಇರುವಾಗ ಅದಕ್ಕೂ ತಡೆ ಬಿತ್ತು. ಇವೆರಡಕ್ಕಿಂತ ಜನರನ್ನು ಹೆದರಿಸಿದ್ದು 2020ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಹೊರೆಯ ಹೊಸ ನಿಯಮ. ಹಿಂದೆ ಶುಲ್ಕ ಮನ್ನಾ ಕೇಳಿದ್ದೀರಾ ಎಂಬುದನ್ನೂ ಅದರಲ್ಲಿ ತೂಗುತ್ತಿದ್ದರು. ಬಡತನ ಒಪ್ಪಿಕೊಂಡ ಕಾಗದವೇ ಬಡತನದ ಆರೋಪಕ್ಕೆ ಸಾಕ್ಷಿ. 2021ರ ಮಾರ್ಚಿನಲ್ಲಿ ಆ ನಿಯಮ ಬಿದ್ದುಹೋಯಿತು.

ನಿಯಮ ಬಿದ್ದರೂ ಭಯ ಬೀಳಲಿಲ್ಲ. 2024ರಲ್ಲಿ ಐ-751 ಶುಲ್ಕ 750 ಆದಮೇಲೆ ಗೋದಾಮಿನಲ್ಲಿ ದುಡಿಯುವ ಒಬ್ಬ ಹುಡುಗ ದಾವಣಗೆರೆಯ ಹೆಂಡತಿಯನ್ನು ಕರೆದುಕೊಂಡು ಬಂದ. ವರ್ಷದ ದುಡಿಮೆ ಇಪ್ಪತ್ತೆಂಟು ಸಾವಿರ, ಮನ್ನಾದ ಗೆರೆಯೊಳಗೇ ಇದ್ದಾನೆ. "ಬೇಡ ಆಂಟಿ. ಫೈಲಲ್ಲಿ ನಮ್ಮ ಹೆಸರಿನ ಮುಂದೆ ಅದೊಂದು ಕೂತ್ಕೊಳ್ಳೋದು ಬೇಡ. ನಾಳೆ ಸಿಟಿಜನ್‌ಶಿಪ್ಪಿಗೆ ಕೇಳಿದ್ರೆ?" ಆ ನಿಯಮ ಹೋಯಿತಪ್ಪ, ಇದ್ದಾಗಲೂ ನಿನ್ನ ಹೆಂಡತಿಯ ಈ ಅರ್ಜಿಗೆ ತಗಲುತ್ತಿರಲಿಲ್ಲ ಎಂದು ಬಿಡಿಸಿ ಹೇಳಿದೆ. ತಲೆಯಾಡಿಸಿದ, ಒಪ್ಪಲಿಲ್ಲ. ಅವನು ದಡ್ಡನಲ್ಲ, ಐದು ವರ್ಷದಲ್ಲಿ ಎಷ್ಟು ಸಲ ನಿಯಮ ಮಗುಚಿ ಬಿತ್ತೆಂಬುದನ್ನು ನೋಡಿದ್ದಾನೆ. ಕ್ರೆಡಿಟ್ ಕಾರ್ಡಿನ ನಮೂನೆ ತೆಗೆದು ಅಂಕಿ ಓದಿಸತೊಡಗಿದ. ಆ ದುಡ್ಡಿಗೆ ಅಮ್ಮನ ಕಣ್ಣಿನ ಆಪರೇಷನ್ ಮುಗಿಯುತ್ತಿತ್ತು ಎಂದು ಹೆಂಡತಿ ಕನ್ನಡದಲ್ಲಿ ನನಗೆ ಹೇಳಿದಳು, ಅವನಿಗೂ ಕೇಳಿಸುವಷ್ಟು ಗಟ್ಟಿಯಾಗಿಯೇ.