‘ಹಮಾರಾ ಶಹರ್’: ಒಂದು ತರಾಟೆ, ಒಂದು ತೀರ್ಪು

ಆನಂದ್ ಪಟವರ್ಧನ್ ಅವರ ‘ಹಮಾರಾ ಶಹರ್’ (1985) ಸಾಕ್ಷ್ಯಚಿತ್ರದ ಕುರಿತು ಬರೆದವರು ಸಾಮಾನ್ಯವಾಗಿ ಒಂದೇ ದೃಶ್ಯದ ಬಳಿ ಬಂದು ನಿಲ್ಲುತ್ತಾರೆ. ಮುಂಬಯಿಯ ಗುಡಿಸಲುವಾಸಿ ಹೆಂಗಸೊಬ್ಬಳು ಕ್ಯಾಮೆರಾದತ್ತ ತಿರುಗಿ, ಬಡವರ ಚಿತ್ರ ತೆಗೆದು ನೀವು ಹೆಸರು ಮಾಡುತ್ತೀರಿ, ನಮಗೇನು ಮಾಡುತ್ತೀರಿ ಎಂದು ತರಾಟೆಗೆ ತೆಗೆದುಕೊಳ್ಳುತ್ತಾಳೆ. ಈ ಮಾತನ್ನು ಕತ್ತರಿಸದೆ ಉಳಿಸಿಕೊಂಡದ್ದು ನಿರ್ದೇಶಕರ ಆತ್ಮವಿಮರ್ಶೆ ಎಂಬ ಓದು ಬಹುಕಾಲದಿಂದ ಚಾಲ್ತಿಯಲ್ಲಿದೆ. ನನಗೆ ಇದು ಒಪ್ಪಿಗೆಯಿಲ್ಲ. ಬೈದವಳು ಅವಳು, ಶ್ರೇಯಸ್ಸು ಜಮೆಯಾದದ್ದು ಬೈಸಿಕೊಂಡವರ ಖಾತೆಗೆ! (ಪಟವರ್ಧನರ ಅಭಿಮಾನಿಗಳಲ್ಲಿ ನಾನೂ ಒಬ್ಬ, ಆದರೆ ಅಭಿಮಾನ ಪುರಾವೆಯಲ್ಲ.)

ಈ ಓದು ಹುಟ್ಟಿದ್ದು ಪಕ್ಕದ ಆಕರವೊಂದನ್ನು ಕಡೆಗಣಿಸಿದ್ದರಿಂದ. ಮುಂಬಯಿಯ ಫುಟ್‌ಪಾತ್‌ವಾಸಿಗಳ ತೆರವನ್ನು ಪ್ರಶ್ನಿಸಿದ ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರ ಜುಲೈ 10ರಂದು ಕೊಟ್ಟ ತೀರ್ಪು ಜೀವನೋಪಾಯದ ಹಕ್ಕನ್ನು ಸಂವಿಧಾನದ 21ನೇ ವಿಧಿಯೊಳಗೆ ತಂದಿತು. ಸಿನಿಮಾ ಪಂಡಿತರು ಇಷ್ಟು ಹೇಳಿ ಪುಟ ತಿರುವುತ್ತಾರೆ. ತೀರ್ಪನ್ನು ಕೊನೆಯವರೆಗೆ ಓದಿದ ಲಕ್ಷಣ ಕಾಣದು. ಫುಟ್‌ಪಾತಿನವರನ್ನು ಎಬ್ಬಿಸಿದರೆ ಅವರ ದುಡಿಮೆ ಹೋಗುತ್ತದೆ, ದುಡಿಮೆ ಹೋದರೆ ಬದುಕು ಹೋಗುತ್ತದೆ ಎಂದು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪೀಠ ಒಪ್ಪಿತು. ಒಪ್ಪಿಯೂ, ತೆರವಿಗೆ ಅಧಿಕಾರ ಕೊಡುವ 1888ರ ಮುನಿಸಿಪಲ್ ಕಾಯ್ದೆಯ 314ನೇ ಕಲಮನ್ನು ಎತ್ತಿಹಿಡಿಯಿತು. ಮಳೆಗಾಲ ಮುಗಿಯಲೆಂದು ಅಕ್ಟೋಬರ್ 31ರವರೆಗೆ ಗಡುವು ಕೊಟ್ಟಿತು.

ಅದೇ ತೀರ್ಪಿನಲ್ಲಿ ಕಾಮರಾಜ್ ನಗರದ ವೃತ್ತಾಂತವಿದೆ. 1960ರ ಆಸುಪಾಸಿನಲ್ಲಿ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಬದಿಗೆ ನೀರಿನ ಪೈಪು ಹಾಕಲು ಬಂದ ಕೂಲಿಗಳು ಕಟ್ಟಿಕೊಂಡ ಬಸ್ತಿ ಅದು. ಹೆದ್ದಾರಿಯ ಪಕ್ಕದ ರಸ್ತೆಗೆ ಅಡ್ಡವಾಗಿದೆಯೆಂದು ಅದರ ತೆರವಿಗೂ ಸಮ್ಮತಿ ಸಿಕ್ಕಿತು. ಊರಿಗೆ ನೀರು ತಂದವರೇ ಊರಿಗೆ ಅತಿಕ್ರಮಣಕಾರರಾದರು. ಅನುಕೂಲಸ್ಥರ ದೂರನ್ನೂ ಕೂಲಿಗಳ ದುಡಿಮೆಯನ್ನೂ ಎದುರುಬದುರು ಜೋಡಿಸುವ ಪಟವರ್ಧನರ ಸಂಕಲನ ಹೇಳುವುದೂ ಇದನ್ನೇ.

ಈಗ ಆ ಹೆಂಗಸಿನ ಮಾತಿಗೆ ಮರಳಬೇಕು. ಕೋರ್ಟು ಅವಳಂಥವರ ಅಹವಾಲನ್ನು ಗೌರವದಿಂದಲೇ ಕೇಳಿತು, ದಾಖಲಿಸಿತು, ಜಾಗ ಬಿಡಿ ಎಂದಿತು. ಕ್ಯಾಮೆರಾವೂ ಕೇಳಿತು, ದಾಖಲಿಸಿತು. ಕೇಳಿಸಿಕೊಂಡು ಎದ್ದುಹೋಗುವ ಎಲ್ಲರ ಮೇಲಿನ ಆರೋಪಪಟ್ಟಿ ಅವಳ ಮಾತು. ಒಬ್ಬ ನಿರ್ದೇಶಕರ ಅಳುಕಿಗೆ ಅದನ್ನು ಇಳಿಸುವುದು ಅವಳಿಗೆ ಮಾಡುವ ಅನ್ಯಾಯ.

ನಿರ್ದೇಶಕರಂತೂ ಅಳುಕಿನಲ್ಲಿ ನಿಲ್ಲಲಿಲ್ಲ. 1986ರಲ್ಲಿ ನಾರಿಮನ್ ಪಾಯಿಂಟ್ ಬಳಿಯ ಸಂಜಯ್ ಗಾಂಧಿ ನಗರವನ್ನು ಕೆಡವಿದಾಗ ಅಲ್ಲಿನವರ ಜೊತೆ ಶಬಾನಾ ಆಜ್ಮಿ ಮತ್ತು ಅವರು ಉಪವಾಸ ಕೂತರು; ಸರ್ಕಾರ ಗೋರೆಗಾಂವ್‌ನಲ್ಲಿ ಬದಲಿ ಜಾಗ ಕೊಡಬೇಕಾಯಿತು. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಿದ್ದರೂ ದೂರದರ್ಶನದಲ್ಲಿ ಕಾಣಿಸಿಕೊಳ್ಳಲು ಅದು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಆತ್ಮವಿಮರ್ಶೆಯ ಸಿದ್ಧಾಂತ ಕಟ್ಟುವವರು ಮೊದಲು ಈ ದಾವೆಗಳ ಕಡತ ತೆರೆಯಲಿ. ಕಾಮರಾಜ್ ನಗರದ ಆ ಕೆಲವು ಪ್ಯಾರಾಗಳನ್ನಾದರೂ ಓದಲಿ.