ರೂಪಾಂತರಕಾರ್ಯವೂ ಮಾರೀ ನಾಯ್‌ರಾಟಳ ವೃತ್ತಿಜೀವನವೂ

ವಿಷಯವನ್ನು ಶೋಧಿಸಿ ತಿಳಿಯುವವನು ಪಂಡಿತನು. ಅದನ್ನು ಚಿತ್ರವಾಗಿ ಬರೆಯುವವನು ಕಲಾವಿದನು. ಇವರಿಬ್ಬರ ನಡುವೆ ನಿಂತು, ನೋಡುವವರಿಗೆ ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು, ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದನ್ನು ನಿಶ್ಚಯಿಸುವ ಮೂರನೆಯವರೊಬ್ಬರು ಉಂಟು. ಕಾವ್ಯಕ್ಕೂ ಓದುಗನಿಗೂ ನಡುವೆ ವ್ಯಾಖ್ಯಾನಕಾರನಿರುವಂತೆ ಇವರ ಸ್ಥಾನ. ಈ ವಿನ್ಯಾಸಕಾರ್ಯವು ಇಂದು ಸಭೆ, ಶಾಲೆ, ಕಾರ್ಯಾಲಯಗಳಲ್ಲಿ ಪ್ರತ್ಯೇಕ ವೃತ್ತಿಯಾಗಿ ನಡೆಯುತ್ತಿರುವುದು. ಇದಕ್ಕೆ ನಿಯಮವನ್ನು ರೂಢಿಸಿಕೊಟ್ಟವರಲ್ಲಿ ಮಾರೀ ನಾಯ್‌ರಾಟ್ ಎಂಬಾಕೆ ಮುಖ್ಯಳು.

ಈಕೆಯು 1898ರಲ್ಲಿ ಜರ್ಮನಿಯ ಬ್ರೌನ್‌ಷ್ವೈಗ್ ನಗರದಲ್ಲಿ ರೈಡೆಮೈಸ್ಟರ್ ಮನೆತನದಲ್ಲಿ ಜನಿಸಿ, ಗ್ಯೋಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಗಣಿತವನ್ನೂ ಭೌತಶಾಸ್ತ್ರವನ್ನೂ ವ್ಯಾಸಂಗಮಾಡಿದಳು. 1924ರಲ್ಲಿ ವಿಯೆನ್ನಾಕ್ಕೆ ಹೋಗಿದ್ದಾಗ ಓಟೋ ನಾಯ್‌ರಾಟ್ ಎಂಬ ತತ್ತ್ವಜ್ಞನ ಪರಿಚಯವಾಯಿತು. ಮರುವರ್ಷ ಆತನು ಅಲ್ಲಿ ಸಮಾಜ ಮತ್ತು ಅರ್ಥವಿಷಯಕವಾದ ವಸ್ತುಸಂಗ್ರಹಾಲಯವೊಂದನ್ನು ಸ್ಥಾಪಿಸಲು, ಈಕೆಯೂ ಅದನ್ನು ಸೇರಿದಳು. ವಸತಿ, ಆರೋಗ್ಯ, ಕೈಗಾರಿಕೆ ಮೊದಲಾದವುಗಳ ಅಂಕಿಗಳನ್ನು ಸಾಮಾನ್ಯ ಜನರಿಗೆ ಚಿತ್ರಫಲಕಗಳಿಂದ ತಿಳಿಸುವುದು ಅದರ ಉದ್ದೇಶ. ತಜ್ಞರು ಒದಗಿಸಿದ ಅಂಕಿಗಳನ್ನು ಫಲಕಕ್ಕೆ ತಕ್ಕಂತೆ ಅಳವಡಿಸುವ ಭಾರವು ಈಕೆಯದು. ಚಿಹ್ನೆಗಳನ್ನು ಗೇರ್ಡ್ ಆರ್ನ್ಟ್ಸ್ ಮೊದಲಾದ ಕಲಾವಿದರು ಬರೆಯುತ್ತಿದ್ದರು. ಈ ನಡುವಣ ಕೆಲಸ ಮಾಡುವವರಿಗೆ ಅಲ್ಲಿ ರೂಪಾಂತರಕಾರರೆಂಬ ಅರ್ಥದ ಹೆಸರು ಬಂದಿತು.

ಈ ಪದ್ಧತಿಯ ಮೂಲನಿಯಮವು ಇಂತಿದೆ: ಪರಿಮಾಣವು ಹೆಚ್ಚಾದಾಗ ಚಿಹ್ನೆಯನ್ನು ಹಿಗ್ಗಿಸಲಾಗದು, ಅದೇ ಗಾತ್ರದ ಚಿಹ್ನೆಗಳ ಸಂಖ್ಯೆಯನ್ನು ಹೆಚ್ಚಿಸಬೇಕು. ಅದೇಕೆಂದರೆ, ಮನುಷ್ಯಚಿತ್ರವೊಂದರ ಎತ್ತರ ಅಗಲಗಳೆರಡನ್ನೂ ಇಮ್ಮಡಿಸಿದರೆ ಅದು ಆವರಿಸುವ ಸ್ಥಳವು ನಾಲ್ಮಡಿಯಾಗಿ, ನೋಡುವವನ ಕಣ್ಣು ಮೋಸಹೋಗುವುದು. ಇಂಗ್ಲೆಂಡಿನ ನೇಯ್ಗೆಯನ್ನು ಕುರಿತ ಪ್ರಸಿದ್ಧ ಫಲಕವು ಇದಕ್ಕೆ ಉದಾಹರಣೆ. ಅದರಲ್ಲಿ ಒಂದೊಂದು ಮನುಷ್ಯಚಿಹ್ನೆಯು 10,000 ನೇಕಾರರಿಗೆ ಸಮಾನ. 1820ರಿಂದ 1880ರವರೆಗೆ ಮನೆಯಲ್ಲಿ ನೇಯುವವರ ಸಾಲು ಕುಗ್ಗುತ್ತ, ಕಾರ್ಖಾನೆಯವರ ಸಾಲೂ ಬಟ್ಟೆಯ ಉತ್ಪತ್ತಿಯೂ ಬೆಳೆಯುತ್ತ ಹೋಗುವುದು ಒಂದೇ ನೋಟಕ್ಕೆ ಗೋಚರವಾಗುವುದು. ಒಂದು ಜನವರ್ಗವು ತನ್ನ ಜೀವನೋಪಾಯವನ್ನು ಕಳೆದುಕೊಂಡ ವೃತ್ತಾಂತವೇ ಅಲ್ಲಿ ಅಡಗಿದೆ.

1934ರಲ್ಲಿ ಆಸ್ಟ್ರಿಯಾದಲ್ಲಿ ಅಂತಃಕಲಹವುಂಟಾಗಲು ಇವರು ಹಾಲೆಂಡಿನ ಹೇಗ್ ನಗರಕ್ಕೆ ಹೋದರು. ಪದ್ಧತಿಗೆ ಐಸೋಟೈಪ್ ಎಂಬ ಹೆಸರನ್ನು 1935ರಲ್ಲಿ ಕಲ್ಪಿಸಿದವಳು ಮಾರೀಯೇ. 1940ರಲ್ಲಿ ಜರ್ಮನ್ ಸೇನೆಯು ಹಾಲೆಂಡಿಗೆ ನುಗ್ಗಲು, ಅವಳೂ ಓಟೋವೂ ದೋಣಿಯಲ್ಲಿ ಸಮುದ್ರವನ್ನು ದಾಟಿ ಇಂಗ್ಲೆಂಡನ್ನು ಸೇರಿ, ಅಲ್ಲಿ ಶತ್ರುದೇಶೀಯರೆಂದು ಕೆಲಕಾಲ ಬಂಧನದಲ್ಲಿದ್ದರು. 1941ರಲ್ಲಿ ವಿವಾಹವಾಗಿ, ಮರುವರ್ಷ ಆಕ್ಸ್‌ಫರ್ಡಿನಲ್ಲಿ ಐಸೋಟೈಪ್ ಸಂಸ್ಥೆಯನ್ನು ತೆರೆದರು.

ಇಲ್ಲಿ ಒಂದು ಆಕ್ಷೇಪವು ಬರಬಹುದು: ಸಿದ್ಧಾಂತವು ಓಟೋವಿನದು, ಚಿತ್ರವು ಆರ್ನ್ಟ್ಸನದು, ಹೀಗಿರಲು ಈಕೆಯ ಪಾಲಿನದೇನು? ಇದಕ್ಕೆ ಸಮಾಧಾನವು ಮುಂದಿನ ಚರಿತ್ರೆಯಲ್ಲಿಯೇ ಇದೆ. ಆರ್ನ್ಟ್ಸನು ಹಾಲೆಂಡಿನಲ್ಲಿಯೇ ಉಳಿದನು. ಓಟೋ 1945ರ ಡಿಸೆಂಬರಿನಲ್ಲಿ ಕಾಲವಾದನು. ಆದರೂ ಕಾರ್ಯವು ನಿಲ್ಲಲಿಲ್ಲ. ಮಾರೀ ಸಂಸ್ಥೆಯನ್ನು 1948ರಲ್ಲಿ ಲಂಡನ್ನಿಗೆ ಸಾಗಿಸಿ, ಮಕ್ಕಳಿಗಾಗಿ ವಿಜ್ಞಾನ ಮತ್ತು ಚರಿತ್ರೆಯ ಸಚಿತ್ರ ಪುಸ್ತಕಗಳನ್ನು ಸಾಲುಸಾಲಾಗಿ ಹೊರಡಿಸಿದಳು. 1950ರ ದಶಕದಲ್ಲಿ ಪಶ್ಚಿಮ ನೈಜೀರಿಯಾಕ್ಕೆ ಹೋಗಿ, ಆರೋಗ್ಯ, ವಿದ್ಯಾಭ್ಯಾಸ, ಮತದಾನಗಳನ್ನು ಕುರಿತ ಪುಸ್ತಿಕೆಗಳನ್ನು ಸಿದ್ಧಪಡಿಸುವಾಗ, ಯೂರೋಪಿನ ಚಿಹ್ನೆಗಳನ್ನು ಹಾಗೆಯೇ ಹೇರದೆ ಅಲ್ಲಿಯ ಜನಜೀವನಕ್ಕೆ ಹೊಂದುವಂತೆ ಮಾರ್ಪಡಿಸಿದಳು. ನೋಡುವವನನ್ನು ಅರಿಯದೆ ನಿರೂಪಣೆಯಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

1971ರಲ್ಲಿ ವಿಶ್ರಾಂತಳಾಗಿ ತನ್ನ ಸಂಗ್ರಹವನ್ನೆಲ್ಲ ರೆಡಿಂಗ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಈಕೆಯು 1986ರಲ್ಲಿ ದಿವಂಗತಳಾದಳು. ರೂಪಾಂತರಕಾರ್ಯವನ್ನು ಕುರಿತು ಈಕೆಯೂ ರಾಬಿನ್ ಕಿನ್‌ರಾಸ್ ಎಂಬುವರೂ ಬರೆದ ಗ್ರಂಥವು 2009ರಲ್ಲಿ ಪ್ರಕಟವಾಯಿತು. ಬಿಡತಕ್ಕದ್ದನ್ನು ಬಿಡುವುದಕ್ಕೆ ಸಮಗ್ರವನ್ನೂ ಬಲ್ಲವರಾಗಿರಬೇಕು. ಆದುದರಿಂದ ಈ ವೃತ್ತಿಯನ್ನು ಬರಿಯ ಅಲಂಕಾರವೆಂದೆಣಿಸದೆ ಪಾಂಡಿತ್ಯದ ಒಂದು ಶಾಖೆಯೆಂದೇ ಗಣಿಸುವುದು ಯುಕ್ತ. ಪಾಠಹೇಳುವವರಿಗೆ ಈ ಮಾತು ಹೊಸತೆನಿಸಲಾರದು.