ಗಿಡಮೂಲಿಕೆಯ ಜಮಾ-ಖರ್ಚು

ಪಾರ್ಕ್ ಸ್ಟ್ರೀಟ್ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಅಲ್ಲಿನ ಕೇಕು, ಡಿಸೆಂಬರಿನ ದೀಪಾಲಂಕಾರ. ಆದರೆ ಆ ಬೀದಿಯ ಒಂದನೆಯ ನಂಬರಿನ ಮನೆ ಏಷಿಯಾಟಿಕ್ ಸೊಸೈಟಿಯೆಂಬುದನ್ನು ಮರೆಯಲಾಗದು. 1784ರಲ್ಲಿ ಸರ್ ವಿಲಿಯಂ ಜೋನ್ಸ್ ಸ್ಥಾಪಿಸಿದ ಈ ಸಂಸ್ಥೆ 1808ರಲ್ಲಿ ಇಲ್ಲಿ ಸ್ವಂತ ಕಟ್ಟಡವನ್ನು ಪಡೆಯಿತು. ಶಾಸನ, ನಾಣ್ಯ, ಹಸ್ತಪ್ರತಿಗಳಿಗೆ ಹೆಸರಾದ ಈ ಮನೆಗೆ ನಾಡಮದ್ದಿನ ಪರೀಕ್ಷೆಯ ಚರಿತ್ರೆಯಲ್ಲಿಯೂ ಒಂದು ಸ್ಥಾನವುಂಟು.

1839ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಗಾಂಜಾ ಗಿಡವನ್ನು ಕುರಿತು ದೀರ್ಘವಾದ ಲೇಖನವೊಂದು ಅಚ್ಚಾಯಿತು. ಬರೆದವರು ಕಲ್ಕತ್ತೆ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವಿಲಿಯಂ ಬ್ರೂಕ್ ಓಶಾನೆಸಿ. ಮುಂದೆ ನಮ್ಮ ದೇಶಕ್ಕೆ ತಂತಿ ಸಮಾಚಾರದ ವ್ಯವಸ್ಥೆಯನ್ನು ತಂದವರೂ ಇವರೇ. ಸಂಸ್ಕೃತ ವೈದ್ಯಗ್ರಂಥಗಳ ಅಭಿಪ್ರಾಯವನ್ನು ಇವರಿಗೆ ತಿಳಿಸಿಕೊಟ್ಟವರು ಪಂಡಿತ ಮಧುಸೂದನ ಗುಪ್ತರು. ಸೊಸೈಟಿಯ ಪಂಡಿತರಾಗಿದ್ದ ಕಮಲಾಕಾಂತ ವಿದ್ಯಾಲಂಕಾರರಿಗೂ ಲೇಖನದಲ್ಲಿ ಕೃತಜ್ಞತೆ ಸಲ್ಲಿದೆ.

ಆದರೆ ಗ್ರಂಥದ ಮಾತಿಗೇ ಓಶಾನೆಸಿ ನಿಲ್ಲಲಿಲ್ಲ. ಗಿಡದ ಅಂಟನ್ನು ಮದ್ಯಸಾರದಲ್ಲಿ ಕರಗಿಸಿ, ಅಳತೆ ಮಾಡಿ, ಮೊದಲು ನಾಯಿ, ಬೆಕ್ಕು, ಮೀನು, ಹಕ್ಕಿಗಳ ಮೇಲೆ ಪರೀಕ್ಷಿಸಿದರು. ಆಮೇಲೆಯೇ ರೋಗಿಗಳ ಸರದಿ. ಧನುರ್ವಾಯುವಿನ ಕೆಲವು ರೋಗಿಗಳು ಚೇತರಿಸಿಕೊಂಡರೆಂದು ಬರೆದರು. ಹುಚ್ಚುನಾಯಿ ಕಡಿತದ ರೋಗಿಯೊಬ್ಬನಿಗೆ ಸಂಕಟ ತಗ್ಗಿತೇ ಹೊರತು ಪ್ರಾಣ ಉಳಿಯಲಿಲ್ಲವೆಂಬುದನ್ನೂ ಮುಚ್ಚಿಡದೆ ಬರೆದರು. ಬಿಡದೆ ಸೇವಿಸಿದವರಿಗೆ ಬರುವ ಚಿತ್ತಭ್ರಮೆಯನ್ನೂ ಲೇಖನದಲ್ಲಿ ಸೇರಿಸಿದರು.

ನಾನು ಬ್ಯಾಂಕಿನ ಗುಮಾಸ್ತ, ವೈದ್ಯನಲ್ಲ. ಆದರೂ ಈ ಬರಹದ ರೀತಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಜಮೆಯನ್ನು ಮಾತ್ರ ಬರೆದು ಖರ್ಚನ್ನು ಬಿಟ್ಟ ಪುಸ್ತಕವನ್ನು ಯಾವ ತಪಾಸಣೆದಾರನೂ ಒಪ್ಪುವುದಿಲ್ಲ. ಮದ್ದಿನ ವಿಷಯದಲ್ಲಿಯೂ ಗುಣವಾದದ್ದು, ಗುಣವಾಗದೆ ಹೋದದ್ದು, ಕೆಡುಕಾದದ್ದು, ಈ ಮೂರನ್ನೂ ಬರೆದರೆ ತಾನೇ ಲೆಕ್ಕ ಪೂರ್ತಿಯಾಗುವುದು?

ಇದೇ ಲೆಕ್ಕ ಇಪ್ಪತ್ತನೆಯ ಶತಮಾನದಲ್ಲಿ ಸರ್ಪಗಂಧದ ಪಾಲಿಗೆ ಬಂದಿತು. ನಮ್ಮ ಮಲೆನಾಡಿನ ಕಾಡುಗಳಲ್ಲಿಯೂ ಬೆಳೆಯುವ ಈ ಸಣ್ಣ ಗಿಡದ ಬೇರನ್ನು ಬಿಹಾರದಲ್ಲಿ ಹುಚ್ಚಿನ ಮದ್ದೆಂದೇ ಮಾರುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್, ಇದು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಉಪಯುಕ್ತವೆಂದು ಪ್ರಕಟಿಸಿದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿಯವರೂ ಅವರ ಸಹೋದ್ಯೋಗಿಯೂ ಬೇರಿನ ಸತ್ವಗಳನ್ನು ಬೇರ್ಪಡಿಸಿದರು. ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯಲ್ಲಿ ಕರ್ನಲ್ ರಾಮನಾಥ ಚೋಪ್ರಾ ಮತ್ತು ಸಂಗಡಿಗರು ಪ್ರಾಣಿಗಳ ಮೇಲೆ ಪರೀಕ್ಷಿಸಿ, ರಕ್ತದೊತ್ತಡ ಇಳಿಯುವುದನ್ನು ಕಂಡು, 1933ರಲ್ಲಿ ವರದಿ ಮಾಡಿದರು. ಭಾರತದ ನಾಡಮದ್ದುಗಳನ್ನು ಕುರಿತ ಚೋಪ್ರಾರ ಪ್ರಸಿದ್ಧ ಗ್ರಂಥ ಹೊರಬಂದದ್ದೂ ಆ ವರ್ಷವೇ.

1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ವಕೀಲರು ತಮ್ಮ ರೋಗಿಗಳ ಅನುಭವವನ್ನು ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಬರೆದಾಗ ಜಗತ್ತು ಕಣ್ಣು ತೆರೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪೆನಿಯ ವಿಜ್ಞಾನಿಗಳು ಬೇರಿನಿಂದ ರೆಸರ್ಪಿನ್ ಎಂಬ ಸತ್ವವನ್ನು ತೆಗೆದರು. ಇಷ್ಟೂ ಜಮೆಯ ಪುಟ. ಕೆಲವು ರೋಗಿಗಳಲ್ಲಿ ಮನಸ್ಸು ಕುಗ್ಗುವ ಖಿನ್ನತೆ ಮುಂದೆ ಕಂಡುಬಂದಿತು. ಅದು ಖರ್ಚಿನ ಪುಟ. ಬೇರೆ ಔಷಧಿಗಳು ಬಂದಮೇಲೆ ರೆಸರ್ಪಿನ್ನಿನ ಬಳಕೆ ಬಹಳ ಕಡಮೆಯಾಯಿತು. ಬೇಡಿಕೆಯಿಂದ ಕಾಡಿನ ಗಿಡಕ್ಕೇ ಕುತ್ತು ಬಂದು, ಇಂದು ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿದೆ.

ಈ ಚರಿತ್ರೆ ಹಳೆಯದಾದರೂ ನಮ್ಮ ಅಡಿಗೆಮನೆಗೆ ಸಂಬಂಧಪಟ್ಟದ್ದೇ. ನಾಡು ಬಿಟ್ಟು ಬಂದವರ ಬಾಲ್ಕನಿಯಲ್ಲಿ ತುಳಸಿ, ದೊಡ್ಡಪತ್ರೆ, ಅಮೃತಬಳ್ಳಿಗಳ ಕುಂಡಗಳಿರುತ್ತವೆಯಷ್ಟೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಮನೆಮನೆಯಲ್ಲೂ ಕುದಿಯಿತು. 2021ರಲ್ಲಿ ಮುಂಬಯಿಯ ವೈದ್ಯರು, ಅದನ್ನು ಸೇವಿಸಿದ 6 ಮಂದಿಯಲ್ಲಿ ಯಕೃತ್ತಿಗೆ ಪೆಟ್ಟಾದುದನ್ನು ವರದಿ ಮಾಡಿದರು. ಅದೇ ಜಾತಿಯ ಬೇರೊಂದು ಬಳ್ಳಿಯನ್ನು ಅಮೃತಬಳ್ಳಿಯೆಂದು ತಿಳಿದಿರಬಹುದೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಎರಡು ವಾದಗಳಿಂದಲೂ ನಾವು ತಿಳಿಯಬೇಕಾದದ್ದು ಒಂದೇ: ಬಳ್ಳಿ ಯಾವುದು, ಎಷ್ಟು, ಎಷ್ಟು ದಿನ ಎಂಬುದು ಗೊತ್ತಿಲ್ಲದೆ ಮದ್ದು ಮದ್ದಾಗದು.

ಅಜ್ಜಿಯ ಮದ್ದನ್ನು ಅಲ್ಲಗಳೆಯುವುದು ಪರೀಕ್ಷೆಯ ಉದ್ದೇಶವಲ್ಲ. ಪಂಡಿತರ ಮಾತನ್ನು ಗೌರವದಿಂದ ಕೇಳಿಯೇ ಓಶಾನೆಸಿ ತೂಕಕ್ಕೆ ಇಟ್ಟರು. ಆದುದರಿಂದ ಊರಿನಿಂದ ಬೇರು, ಪುಡಿಗಳನ್ನು ತರಿಸುವ ಬಂಧುಗಳು ಅದರ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳಲಿ. ಕಲ್ಕತ್ತೆಯ ವೈದ್ಯರೆದುರು ಕುಳಿತಾಗ ಮಾತ್ರೆಗಳ ಜೊತೆಗೆ ಕಷಾಯದ ಹೆಸರನ್ನೂ ಸಂಕೋಚವಿಲ್ಲದೆ ಹೇಳಲಿ.